ಸ್ಕಾಟ್‌ಗಿಂತ ಮುಂಚೆ ಲೈಪ್ಜಿಗ್‌ನಲ್ಲಿ ಒಬ್ಬ ಹೆಣ್ಮಗಳಿದ್ಳು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಐತಿಹಾಸಿಕ ಕಾದಂಬರಿ ಬಗ್ಗೆ ಬಂದ ಲೇಖನ ಓದ್ದೆ. ಚೆನ್ನಾಗಿತ್ತು, ತರಾಸು ಬಗ್ಗೆ ಬರೆದಿದ್ದ ಭಾಗ ಅಂತೂ ಎರಡು ಸಲ ಓದ್ದೆ, ಆದ್ರೆ ಮೊದಲನೇ ಪ್ಯಾರಾದಲ್ಲೇ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಯ್ತು ನೋಡಿ. 1814ರಲ್ಲಿ ಸ್ಕಾಟ್ಲೆಂಡಿನ ಲೇಖಕ ವಾಲ್ಟರ್ ಸ್ಕಾಟ್ 'ವೇವರ್ಲಿ' ಬರೆದ, ಅಲ್ಲಿಗೆ ಜಗತ್ತಿನ ಮೊದಲ ಐತಿಹಾಸಿಕ ಕಾದಂಬರಿ ಹುಟ್ಟಿತು, ಅದಕ್ಕೆ ಮುಂಚೆ ಜಗತ್ತಿನಲ್ಲೇ ಅಂಥದ್ದು ಇರಲಿಲ್ಲ ಅಂತ. ಬರೆದವರನ್ನ ಬೈಯ್ಯೋಕೆ ಬಂದಿಲ್ಲ ನಾನು, ಹೈಸ್ಕೂಲಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ರಿಟೈರ್ ಆದೋಳು, ನಾನೂ ಇದನ್ನೇ ನಂಬ್ಕೊಂಡಿದ್ದೆ, ಮಕ್ಕಳಿಗೂ ಹೇಳಿದೀನಿ. ಮೂರು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಂತ ಜರ್ಮನಿಗೆ ಹೋಗದೇ ಇದ್ದಿದ್ರೆ ಈಗ್ಲೂ ನಂಬ್ಕೊಂಡೇ ಇರ್ತಿದ್ದೆ.

ಮಗಳು ಅಳಿಯ ಇರೋದು ಲೈಪ್ಜಿಗ್‌ನಲ್ಲಿ. ತೊಂಬತ್ತು ದಿನದ ವೀಸಾ, ಹೊರಗೆ ಚಳಿ, ಒಳಗೆ ಎಳೆ ಮಗು, ಮಗು ಮಲಗಿದಾಗ ನಂಗೆ ಮಾಡೋಕೆ ಕೆಲಸ ಇಲ್ಲ. ಕೆಳಗಿನ ಮನೆಯಲ್ಲಿ ಒಬ್ರು ವಯಸ್ಸಾದ ಹೆಂಗಸು, ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಇಂಗ್ಲಿಷ್ ಅಲ್ಪಸ್ವಲ್ಪ ಬರ್ತಿತ್ತು. ನಾನು ಇತಿಹಾಸದ ಟೀಚರು ಅಂದ ತಕ್ಷಣ ಅವ್ರು ಒಂದು ಚೀಟಿ ಮೇಲೆ ಒಂದು ಹೆಸರು ಬರೆದು ಕೊಟ್ರು, ಈ ಊರಿನವಳೇ, ಓದಿ ನೋಡಿ ಅಂತ. ಬೆನೆಡಿಕ್ಟೆ ನೌಬರ್ಟ್. ನಾನು ಆ ಹೆಸರು ಕೇಳಿದ್ದು ಅದೇ ಮೊದಲು, ಆಮೇಲೆ ನಮ್ಮ ಸಾಹಿತ್ಯದ ಗೆಳತಿಯರು ಎಷ್ಟೋ ಜನರನ್ನ ಕೇಳ್ದೆ, ಇಂಗ್ಲಿಷ್ ಎಂಎ ಮಾಡಿದವರಿಗೂ ಗೊತ್ತಿಲ್ಲ.

ಆಯಮ್ಮ ಹುಟ್ಟಿದ್ದು 1752ರ ಸೆಪ್ಟೆಂಬರ್ 13ಕ್ಕೆ, ಲೈಪ್ಜಿಗ್‌ನಲ್ಲೇ. ಹಳೇ ಪುಸ್ತಕಗಳಲ್ಲಿ 1756 ಅಂತ ಇರುತ್ತೆ, ಅದು ತಪ್ಪು. ತಂದೆ ಯೊಹಾನ್ ಎರ್ನ್‌ಸ್ಟ್ ಹೆಬೆನ್‌ಸ್ಟ್ರೈಟ್, ಅಲ್ಲಿನ ಯೂನಿವರ್ಸಿಟಿಯಲ್ಲಿ ವೈದ್ಯಶಾಸ್ತ್ರದ ಪ್ರೊಫೆಸರು. ಸಾಮಾನ್ಯ ಆಸಾಮಿ ಅಲ್ಲ, 1731ರಿಂದ 33ರವರೆಗೆ ಸ್ಯಾಕ್ಸನಿಯ ದೊರೆ ಕಳಿಸಿಕೊಟ್ಟು ಉತ್ತರ ಆಫ್ರಿಕಾಕ್ಕೆಲ್ಲ ಹೋಗಿ ಬಂದವರು. ಆದ್ರೆ ಮಗಳಿಗೆ ಐದು ವರ್ಷ ಆಗ್ತಿದ್ದಾಗ್ಲೇ, 1757ರಲ್ಲಿ, ತೀರಿಕೊಂಡ್ರು. ಹೆಣ್ಣು ಮಕ್ಕಳಿಗೆ ಯೂನಿವರ್ಸಿಟಿ ಬಾಗಿಲು ತೆರೆದಿರ್ಲಿಲ್ಲ ಆ ಕಾಲದಲ್ಲಿ, ಅಪ್ಪ ಪಾಠ ಮಾಡಿದ ಯೂನಿವರ್ಸಿಟಿ ಆದ್ರೂ ಅಷ್ಟೇ. ಅಣ್ಣಂದಿರ ಹತ್ರ ಮನೆಯಲ್ಲೇ ಇತಿಹಾಸ, ಲ್ಯಾಟಿನ್, ಗ್ರೀಕ್ ಕಲಿತ್ಳು, ಇಂಗ್ಲಿಷ್ ಫ್ರೆಂಚ್ ಇಟಾಲಿಯನ್ ತಾನೇ ಕಲ್ತುಕೊಂಡ್ಳು. ಲೈಪ್ಜಿಗ್ ಅಂದ್ರೆ ಜರ್ಮನ್ ಪುಸ್ತಕ ವ್ಯಾಪಾರದ ತವರು, ವರ್ಷಕ್ಕೆರಡು ಸಲ ದೊಡ್ಡ ಸಂತೆ ಆಗೋದು, ಅಲ್ಲಿ ಪುಸ್ತಕಗಳೇ ರಾಶಿ. ಓದೋ ಹುಚ್ಚಿರೋ ಹುಡುಗಿಗೆ ಇನ್ನೇನು ಬೇಕು.

1779ರಲ್ಲಿ ಮೊದಲನೇ ಕಾದಂಬರಿ ಬಂತು, ಅದು ಆ ಕಾಲದ ಕಣ್ಣೀರು ಕರೆಯೋ ಥರದ್ದು, ಬಿಡಿ. ನಿಜವಾದ ಆಟ ಶುರುವಾಗಿದ್ದು 1785ರಲ್ಲಿ, ಶಾರ್ಲಮೇನ್ ಚಕ್ರವರ್ತಿಯ ಮಗಳು ಎಮ್ಮಾ ಮತ್ತೆ ಅವನ ಕಾರ್ಯದರ್ಶಿ ಐನ್‌ಹಾರ್ಡ್ ಇಬ್ಬರ ಪ್ರೇಮದ ಕಥೆ. ಇದೊಂದು ಹಳೇ ದಂತಕಥೆ. ರಾತ್ರಿ ಗುಟ್ಟಾಗಿ ಬಂದ ಪ್ರಿಯಕರ ಬೆಳಗಿನ ಜಾವ ಹೊರಡಬೇಕು ಅನ್ನೋಷ್ಟರಲ್ಲಿ ಅಂಗಳದ ತುಂಬ ಹಿಮ ಬಿದ್ದಿದೆ, ಗಂಡಸಿನ ಹೆಜ್ಜೆ ಗುರುತು ಕಂಡ್ರೆ ಕಥೆ ಮುಗೀತು, ಅದಕ್ಕೆ ರಾಜಕುಮಾರಿ ಅವನನ್ನ ಬೆನ್ನ ಮೇಲೆ ಹೊತ್ಕೊಂಡು ಅಂಗಳ ದಾಟಿಸ್ತಾಳೆ, ಹಿಮದ ಮೇಲೆ ಹೆಣ್ಣಿನ ಹೆಜ್ಜೆ ಮಾತ್ರ ಉಳಿಯುತ್ತೆ. ಚಕ್ರವರ್ತಿಗಳ ದಂಡಯಾತ್ರೆ ಒಂದು ಕಡೆ ಇಟ್ಟು ಇಂಥ ಮಗಳನ್ನ ಹಿಡ್ಕೊಂಡಿದ್ದು ನೋಡಿ, ಆಕೆಯ ಇಡೀ ಕೆಲಸ ಹೀಗೇ. ಮಾರನೇ ವರ್ಷ ಟೆಂಪ್ಲರ್ ಅನ್ನೋ ಯೋಧ ಸನ್ಯಾಸಿಗಳ ಪಂಥದ ಮುಖ್ಯಸ್ಥನ ಕಥೆ, 'ವಾಲ್ಟರ್ ಫಾನ್ ಮಾಂಟ್‌ಬರಿ'. 1788 ಒಂದೇ ವರ್ಷದಲ್ಲಿ ಮೂರು ದೊಡ್ಡ ಕಾದಂಬರಿ, ಹದಿನೇಳನೇ ಶತಮಾನದಲ್ಲಿ ಜರ್ಮನಿಯಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದ ಮೇಲೆ 'ಥೆಕ್ಲಾ ಫಾನ್ ಥೂರ್ನ್', 'ಕೊನ್ರಾಡಿನ್', ಆಮೇಲೆ ಎಲ್ಲದಕ್ಕಿಂತ ಹೆಸರು ಮಾಡಿದ 'ಹೆರ್ಮನ್ ಫಾನ್ ಉನ್ನಾ'. ಒಟ್ಟು ಐವತ್ತರ ಹತ್ತಿರ ಪುಸ್ತಕ ಬರೆದಿದಾಳೆ ಅಂತ ಲೆಕ್ಕ. ಜರ್ಮನ್ ಮಹಾಕವಿ ಗೊಯ್ಥೆಯ 'ವೆರ್ಥರ್' ಕಾದಂಬರಿ ಅಚ್ಚು ಮಾಡಿದ್ನಲ್ಲ ವೈಗಾಂಡ್ ಅನ್ನೋ ಪ್ರಕಾಶಕ, ಅವನೇ ಈಕೆಯ ಬಹಳಷ್ಟು ಪುಸ್ತಕ ತಂದಿದ್ದು.

ಆಗ ಬಂದ ಒಂದು ಪುಸ್ತಕದ ಮೇಲೂ ಆಕೆಯ ಹೆಸರಿಲ್ಲ.

(ಹೆರ್ಮನ್ ಅಂದ್ರೆ ನಮಗೆ ಮೋಗ್ಲಿಂಗ್ ನೆನಪಾಗೋದು, 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದವರು, ಅವರಿಲ್ಲದಿದ್ರೆ ನೀವೂ ಇಲ್ಲ ನಾನು ಹೀಗೆ ಪತ್ರ ಬರೆಯೋದೂ ಇಲ್ಲ. ಈ ಹೆರ್ಮನ್ ಬೇರೆ.)

'ಹೆರ್ಮನ್' ನಾನು ಓದಿದ್ದು 1794ರ ಇಂಗ್ಲಿಷ್ ಅನುವಾದದಲ್ಲಿ, ಸ್ಕ್ಯಾನ್ ಮಾಡಿ ನೆಟ್‌ನಲ್ಲಿ ಫ್ರೀಯಾಗಿ ಹಾಕಿದಾರೆ. ಹಳೇ ಅಚ್ಚು, ಎಸ್ ಅಕ್ಷರ ಎಲ್ಲ ಎಫ್ ಥರ ಕಾಣುತ್ತೆ, ಮೊದಲ ಐವತ್ತು ಪುಟ ಕಣ್ಣು ನೋವು ಬಂತು, ಆಮೇಲೆ ಅಭ್ಯಾಸ ಆಗೋಯ್ತು, ಮಗುಗೆ ಒಂದು ಕೈಯಲ್ಲಿ ತೊಟ್ಟಿಲು ತೂಗ್ತಾ ಇನ್ನೊಂದು ಕೈಯಲ್ಲಿ ಟ್ಯಾಬ್ ಹಿಡ್ಕೊಂಡು ಓದಿದೀನಿ. ಕಥೆ ನಡೆಯೋದು 1400ರ ಆಸುಪಾಸು, ವೆನ್ಜೆಲ್ ಅಂತ ಕುಡುಕ ದೊರೆ ಜರ್ಮನಿ ಆಳ್ತಿದ್ದ ಕಾಲ, ಅವನ ತಮ್ಮ ಸಿಗಿಸ್ಮುಂಡ್ ಇನ್ನೊಂದು ಕಡೆ. ಆಗ ವೆಸ್ಟ್‌ಫಾಲಿಯಾ ಕಡೆ 'ಫೇಮೆ' ಅಂತ ಗುಪ್ತ ನ್ಯಾಯಾಲಯಗಳಿದ್ವು. ಸದಸ್ಯರು ಯಾರು ಅಂತ ಹೊರಗಿನವರಿಗೆ ಗೊತ್ತಾಗಲ್ಲ, ಗುಟ್ಟು ಬಿಡಲ್ಲ ಅಂತ ಪ್ರಮಾಣ ಮಾಡಿರ್ತಾರೆ, ಪಕ್ಕದ ಮನೆಯವನೇ ಇರಬಹುದು, ಸ್ವಂತ ಚಿಕ್ಕಪ್ಪನೇ ಇರಬಹುದು. ಆರೋಪಿಗೆ ಹಾಜರಾಗು ಅಂತ ಕರೆ ಬರುತ್ತೆ, ಹೋಗದಿದ್ರೆ ಎಲ್ಲಿ ಸಿಕ್ತಾನೋ ಅಲ್ಲೇ ಮರಕ್ಕೆ ನೇಣು. ಇಡಾ ಅನ್ನೋ ಹುಡುಗಿ ಮೇಲೆ ಮಾಟ ಮಾಡಿದ್ಳು ಅಂತ ಆರೋಪ ಬಂದು ಆಕೆ ಈ ಕೋರ್ಟಿನ ಮುಂದೆ ನಿಲ್ಲೋ ಭಾಗ ಇದೆಯಲ್ಲ, ಅದನ್ನ ಓದುವಾಗ ಮಗು ಎದ್ದು ಅಳ್ತಿದ್ರೂ ಎರಡು ನಿಮಿಷ ಕೇಳಿಸ್ಲೇ ಇಲ್ಲ ನಂಗೆ, ಮಗಳ ಕೈಲಿ ಬೈಸ್ಕೊಂಡೆ.

ಫೇಮೆಯನ್ನ ಸಾಹಿತ್ಯಕ್ಕೆ ತಂದವಳು ಈಕೆಯೇ ಮೊದಲು ಅಂತ ನಾನು ಹೇಳ್ತಿಲ್ಲ, ಗೊಯ್ಥೆ 1773ರಲ್ಲೇ 'ಗೊಯ್ಟ್ಸ್' ನಾಟಕದಲ್ಲಿ ಒಂದು ದೃಶ್ಯ ಇಟ್ಟಿದ್ದ. ಆದ್ರೆ ಒಂದು ದೃಶ್ಯ ಬೇರೆ, ಒಂದು ಕಾಲಮಾನವನ್ನೇ ಮುಂದಿಟ್ಟುಕೊಂಡು ಆ ಭಯದಲ್ಲಿ ಜನ ಹೆಂಗೆ ಬದುಕ್ತಿದ್ರು ಅಂತ ಸಾವಧಾನವಾಗಿ ಕಾದಂಬರಿ ಮಾಡೋದು ಬೇರೆ.

ಈಗ ನಿಮ್ಮ ಲೇಖನಕ್ಕೆ ಬರ್ತೀನಿ. ಸ್ಕಾಟ್ ಮಾಡಿದ ಹೊಸ ಕೆಲಸ ಏನು ಅಂತ ನಿಮ್ಮ ಲೇಖಕರು ಸರಿಯಾಗೇ ಹೇಳಿದಾರೆ, ರಾಜಮಹಾರಾಜರನ್ನ ಹಿಂದಕ್ಕೆ ಸರಿಸಿ, ಕಲ್ಪಿಸಿದ ಸಾಧಾರಣ ಮನುಷ್ಯನೊಬ್ಬನನ್ನ ಮುಂದೆ ನಿಲ್ಲಿಸಿ, ಅವನ ಕಣ್ಣಿಂದ ದೊಡ್ಡ ಘಟನೆ ತೋರಿಸೋದು. ಎಡ್ವರ್ಡ್ ವೇವರ್ಲಿ ಕಲ್ಪನೆಯ ಹುಡುಗ, ಸಿಂಹಾಸನಕ್ಕೆ ಹೋರಾಡೋ ರಾಜಕುಮಾರ ಚಾರ್ಲ್ಸ್ ಹಿಂದೆ ಎಲ್ಲೋ ಬಂದು ಹೋಗ್ತಾನೆ. ಸರಿ, ಒಪ್ದೆ. ಇದನ್ನೇ ನೌಬರ್ಟ್ 1780ರ ದಶಕದಲ್ಲಿ ಮಾಡಿ ಮುಗಿಸಿದ್ಳು. ವೆನ್ಜೆಲ್ಲೂ ಸಿಗಿಸ್ಮುಂಡ್‌ನೂ ಹಿಂದೆ, ಹೆರ್ಮನ್ ಇಡಾ ಮುಂದೆ. ಎರಡು ಪದರದ ಕಾದಂಬರಿ ಅಂತ ಇದಕ್ಕೆ ಜರ್ಮನ್ ವಿಮರ್ಶಕರು ಒಂದು ಹೆಸರನ್ನೇ ಇಟ್ಟಿದಾರೆ. 1788 ಎಲ್ಲಿ, 1814 ಎಲ್ಲಿ, ಇಪ್ಪತ್ತಾರು ವರ್ಷ! 'ಹೆರ್ಮನ್' ಬಂದಾಗ ಸ್ಕಾಟ್ ಇನ್ನೂ ಮೀಸೆ ಚಿಗುರಿದ ಹುಡುಗ.

ಮತ್ತೆ ಸ್ಕಾಟ್‌ಗೆ ಇದೆಲ್ಲ ಗೊತ್ತಿರ್ಲಿಲ್ಲ ಅಂತ ಅನ್ಕೋಬೇಡಿ. ಅವನ ಸಾಹಿತ್ಯ ಶುರುವಾಗಿದ್ದೇ ಜರ್ಮನ್‌ನಿಂದ. ಎಡಿನ್‌ಬರಾದಲ್ಲಿ ಗೆಳೆಯರ ಜೊತೆ ಜರ್ಮನ್ ಕಲಿತು, ಬ್ಯೂರ್ಗರ್ ಅನ್ನೋ ಜರ್ಮನ್ ಕವಿಯ ಪದ್ಯ ಅನುವಾದ ಮಾಡಿ, 1799ರಲ್ಲಿ ಅದೇ 'ಗೊಯ್ಟ್ಸ್' ಇಂಗ್ಲಿಷಿಗೆ ತಂದ. ಫೇಮೆ ಕೋರ್ಟಿನ ಕಥೆ ಇರೋ ಒಂದು ಜರ್ಮನ್ ನಾಟಕವನ್ನೂ ತನ್ನ ಥರ ಮಾಡಿ ಬರೆದ. ಆಮೇಲೆ 1829ರಲ್ಲಿ, ಅಷ್ಟು ದೊಡ್ಡ ಹೆಸರು ಮಾಡಿ ವಯಸ್ಸಾದ ಮೇಲೂ, 'ಆನ್ ಆಫ್ ಗೈಯರ್‌ಸ್ಟೈನ್' ಕಾದಂಬರಿಯಲ್ಲಿ ಫೇಮೆ ಕೋರ್ಟನ್ನ ಮತ್ತೆ ತಂದ. ನೌಬರ್ಟ್ ಕಾದಂಬರಿ ಅವನ ಕೈಗೆ ಬಂದಿತ್ತು ಅಂತ ಸಂಶೋಧನೆ ಮಾಡಿದವರು ಹೇಳ್ತಾರೆ. ಕದ್ದ ಅಂತ ಅಲ್ಲ ಸ್ವಾಮಿ, ಯಾರೂ ಶೂನ್ಯದಿಂದ ಬರೆಯಲ್ಲ. ಆದ್ರೆ ಪಿತಾಮಹ ಪಿತಾಮಹ ಅಂತೀವಲ್ಲ, ಈ ಪಿತಾಮಹನಿಗೂ ಒಬ್ಬಳು ಅಜ್ಜಿ ಇದ್ಳು ಅಂತ ಒಂದು ಸಾಲು ಹಾಕಬಹುದಿತ್ತು.

ಇನ್ನೊಂದು ವಿಷಯ, ಇತಿಹಾಸ ಟೀಚರಾಗಿ ನಂಗೆ ಬಹಳ ಹಿಡಿಸಿದ್ದು. 1208ರಲ್ಲಿ ಫಿಲಿಪ್ ಅನ್ನೋ ಜರ್ಮನ್ ದೊರೆಯನ್ನ ವಿಟೆಲ್ಸ್‌ಬಾಖ್ ಮನೆತನದ ಓಟೊ ಕೊಲೆ ಮಾಡ್ದ. ಇಸವಿ, ಕೊಲೆಗಾರ, ಕಾರಣ, ಮುಂದಿನ ದೊರೆ, ಪಠ್ಯಪುಸ್ತಕದಲ್ಲಿ ಅಲ್ಲಿಗೆ ಪಾಠ ಮುಗೀತು. ನೌಬರ್ಟ್ ಅದೇ ಘಟನೆ ತಗೊಂಡು 'ಆಲ್ಫ್ ಫಾನ್ ಡ್ಯುಲ್ಮೆನ್' ಬರೆದ್ಳು, ಅದರ ಉಪಶೀರ್ಷಿಕೆಯೇ ಫಿಲಿಪ್ ಮತ್ತು ಅವನ ಹೆಣ್ಣುಮಕ್ಕಳ ಚರಿತ್ರೆ ಅಂತ. ಅವನಿಗೆ ನಾಲ್ಕು ಹೆಣ್ಣುಮಕ್ಕಳು. ಅಪ್ಪ ಸತ್ತ ಮೇಲೆ ಆ ಹುಡುಗಿಯರ ಗತಿ ಏನು, ಅವರನ್ನ ಯಾರಿಗೆ ಕೊಟ್ರು, ಯಾಕೆ ಕೊಟ್ರು? ಮೂವತ್ತು ವರ್ಷ ಪಾಠ ಮಾಡಿದ್ರೂ ಯಾವ ರಾಜನ ಬಗ್ಗೆಯೂ ನಾನು ಕ್ಲಾಸಲ್ಲಿ ಈ ಪ್ರಶ್ನೆ ಕೇಳಿಲ್ಲ, ಸತ್ಯವಾಗ್ಲೂ.

ಹಾಗಂತ ಎಲ್ಲ ಅದ್ಭುತ ಅಂತಲ್ಲ. ವರ್ಷಕ್ಕೆ ಮೂರು ಕಾದಂಬರಿ ಬರೆದ್ರೆ ಹೇಗಿರುತ್ತೋ ಹಾಗೇ ಇದೆ. ಸತ್ತೋದ್ರು ಅಂದ್ಕೊಂಡವರು ಬದುಕಿ ಬರ್ತಾರೆ, ಕುಶಲಕರ್ಮಿ ಮಗಳು ಅಂದ್ಕೊಂಡಿದ್ದವಳು ಕೊನೆಗೆ ದೊಡ್ಡ ಮನೆತನದವಳು ಅಂತ ಗೊತ್ತಾಗುತ್ತೆ, ಯಾರು ಯಾರ ಸೋದರತ್ತೆ ಅಂತ ನೆನಪಿಟ್ಟುಕೊಳ್ಳೋಕೆ ನಾನು ಹಾಲಿನ ಬಿಲ್ಲಿನ ಹಿಂದೆ ವಂಶವೃಕ್ಷ ಬರ್ಕೊಂಡಿದ್ದೆ. ಮಾತುಕತೆ ಬರೆಯೋದ್ರಲ್ಲಿ ಸ್ಕಾಟ್ ಮೇಲು, ಅವನ ಹಳ್ಳಿಯವರು ಬಾಯಿ ತೆಗೆದ್ರೆ ಸ್ಕಾಟ್ಲೆಂಡಿನ ಮಣ್ಣಿನ ವಾಸನೆ ಬರುತ್ತೆ, ಈಕೆಯ ಪಾತ್ರಗಳೆಲ್ಲ ಒಂದೇ ಥರ ಮಾತಾಡ್ತವೆ. ಅನುವಾದದ ದೋಷ ಕೂಡ ಇರಬಹುದು ಅದರಲ್ಲಿ.

ಹೆಸರಿಲ್ಲದ ಪುಸ್ತಕ ಅಂದ್ರೆ ಜನ ಸುಮ್ನಿರ್ತಾರಾ, ಯಾರು ಬರೆದಿದ್ದು ಯಾರು ಬರೆದಿದ್ದು ಅಂತ ಊಹೆ ಶುರುವಾಯ್ತು. ಊಹೆ ಎಲ್ಲ ಗಂಡಸರ ಮೇಲೇ. ಇಷ್ಟು ಇತಿಹಾಸ ಗೊತ್ತಿರೋರು ಪ್ರೊಫೆಸರೇ ಇರಬೇಕು ಅಂತ! ನಾನು ಓದಿದ 1794ರ ಇಂಗ್ಲಿಷ್ ಪುಸ್ತಕದ ಟೈಟಲ್ ಪೇಜಲ್ಲಿ 'ಪ್ರೊಫೆಸರ್ ಕ್ರಾಮರ್ ಬರೆದದ್ದು' ಅಂತ ಅಚ್ಚಾಗೇ ಹೋಗಿದೆ. ಪುಸ್ತಕ ಬರೆದವಳು ಬದುಕಿದ್ದಾಳೆ, ಲೈಪ್ಜಿಗ್‌ನಲ್ಲಿ ಮನೆಯಲ್ಲಿ ಕೂತು ಮುಂದಿನ ಪುಸ್ತಕ ಬರೀತಿದ್ದಾಳೆ, ಅಲ್ಲಿ ಲಂಡನ್ನಲ್ಲಿ ಪ್ರೊಫೆಸರ್ ಕ್ರಾಮರ್‌ಗೆ ಶಹಬ್ಬಾಸ್‌ಗಿರಿ. ಆಕೆ ಬಾಯಿ ಬಿಡಲಿಲ್ಲ.

ಜರ್ಮನ್ ನಾಟಕಕಾರ ಷಿಲ್ಲರ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಅವನ 'ವಾಲೆನ್‌ಸ್ಟೈನ್' ನಾಟಕಗಳು ರಂಗಕ್ಕೆ ಬಂದಿದ್ದು 1798, 99ರಲ್ಲಿ, ವಾಲೆನ್‌ಸ್ಟೈನ್ ಅಂದ್ರೆ ಮೂವತ್ತು ವರ್ಷಗಳ ಯುದ್ಧದ ಸೇನಾಪತಿ, ನಾಟಕದಲ್ಲಿ ಅವನ ಮಗಳ ಹೆಸರು ಥೆಕ್ಲಾ. ಇತಿಹಾಸದಲ್ಲಿ ವಾಲೆನ್‌ಸ್ಟೈನ್ ಮಗಳ ಹೆಸರು ಮಾರಿಯಾ ಎಲಿಜಬೆತ್. ಅದೇ ಯುದ್ಧದ ಬಗ್ಗೆ, ಹತ್ತು ವರ್ಷ ಮುಂಚೆ, ಥೆಕ್ಲಾ ಅನ್ನೋ ನಾಯಕಿಯನ್ನ ಇಟ್ಟು ಬರೆದಿದ್ದು ಯಾರು ಅಂತ ಮೇಲೆ ಹೇಳಿದೀನಿ, ನೀವೇ ತಾಳೆ ಹಾಕ್ಕೊಳ್ಳಿ.

ಕಾದಂಬರಿ ಜೊತೆಗೆ ಜನಪದ ಕಥೆಗಳನ್ನೂ ಬರೆದ್ಳು, 1789ರಿಂದ ಸಂಪುಟ ಸಂಪುಟವಾಗಿ ಬಂದ್ವು. ಮುಸೇಯಸ್ ಅನ್ನೋನು ಮುಂಚೆ ಇಂಥ ಸಂಗ್ರಹ ತಂದಿದ್ದ, ಅದಕ್ಕೆ ಈಕೆ 'ಜರ್ಮನರ ಹೊಸ ಜನಪದ ಕಥೆಗಳು' ಅಂತ ಕರೆದ್ಳು. ಹಿಮ ಉದುರಿಸೋ ಹೊಲ್ಲೆ ಅಜ್ಜಿ ಇದ್ದಾಳಲ್ಲ ಗ್ರಿಮ್ ಕಥೆಯಲ್ಲಿ, ಆ ಅಜ್ಜಿ ಇಲ್ಲಿ ಹುಲ್ಲಾ ಅನ್ನೋ ಹೆಸರಲ್ಲಿ ಮುಂಚೇನೇ ಬಂದು ಹೋಗಿದಾಳೆ. ಗ್ರಿಮ್ ಸೋದರರ ಮೊದಲ ಸಂಪುಟ ಬಂದಿದ್ದು 1812ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1809ರಲ್ಲಿ, ವಿಲ್‌ಹೆಲ್ಮ್ ಗ್ರಿಮ್ ಹುಡುಕ್ಕೊಂಡು ನೌಮ್‌ಬುರ್ಗ್‌ಗೆ ಹೋಗಿ ಆಕೆಯನ್ನ ನೋಡಿ ಮಾತಾಡಿಸ್ಕೊಂಡು ಬಂದಿದ್ದ. ಅಂದ್ರೆ ಗೊತ್ತಿದ್ದವರಿಗೆ ಗೊತ್ತಿತ್ತು.

ನೌಮ್‌ಬುರ್ಗ್ ಯಾಕೆ ಅಂದ್ರೆ, ಆಕೆ ಮದುವೆ ಆಗಿದ್ದು 1797ರಲ್ಲಿ, ಸುಮಾರು ನಲವತ್ತೈದು ವಯಸ್ಸಿಗೆ, ಆ ಊರಿನ ವ್ಯಾಪಾರಿ ಹೋಲ್ಡರೀಡರ್ ಅನ್ನೋರನ್ನ. ಅವರು 1800ರಲ್ಲೇ ತೀರಿಕೊಂಡ್ರು. ಆಮೇಲೆ ಅದೇ ಊರಿನ ಇನ್ನೊಬ್ಬ ವ್ಯಾಪಾರಿ ಯೊಹಾನ್ ಗೇಯೊರ್ಗ್ ನೌಬರ್ಟ್ ಜೊತೆ ಮದುವೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ಎಮ್ಮಾ, ವಾಲ್ಟರ್, ಥೆಕ್ಲಾ, ಹೆರ್ಮನ್, ಆಲ್ಫ್, ಜನಪದ ಕಥೆಗಳು, ಹೆಸರು ತಂದ ಪುಸ್ತಕ ಅಷ್ಟೂ ಬರೆದಾಗ ಆಕೆ ಹೆಬೆನ್‌ಸ್ಟ್ರೈಟ್ ಮನೆಯ ಮದುವೆಯಾಗದ ಮಗಳು. ನೌಬರ್ಟ್ ಅನ್ನೋ ಮನುಷ್ಯ ಆಗ ಆಕೆಯ ಜೀವನದಲ್ಲೇ ಇಲ್ಲ. ಇವತ್ತು ಸಾಹಿತ್ಯ ಚರಿತ್ರೆಯಲ್ಲಿ ಆ ಪುಸ್ತಕಗಳ ಮೇಲೆ ಇರೋದು ಎರಡನೇ ಗಂಡನ ಹೆಸರು! ಪಾಪ ಆ ವ್ಯಾಪಾರಿ ಒಳ್ಳೆಯವರೇ ಇರಬಹುದು, ಆದ್ರೂ. ಇದನ್ನ ಹೇಳಿದಾಗ ನಮ್ಮ ಯಜಮಾನ್ರು ನಕ್ಕು, ನಿನ್ನ ಇನ್ಶಿಯಲ್ ನೋಡ್ಕೋ ಅಂದ್ರು.

ನೌಮ್‌ಬುರ್ಗ್‌ಗೆ ನಾನೂ ಹೋಗಿದ್ದೆ, ಲೈಪ್ಜಿಗ್‌ನಿಂದ ರೈಲಲ್ಲಿ ಒಂದು ಗಂಟೆ ಒಳಗೆ. ಎಲ್ಲರೂ ಹೋಗೋದು ಅಲ್ಲಿನ ಕೆಥೆಡ್ರಲ್ ನೋಡೋಕೆ, ಒಳಗೆ ಕಲ್ಲಿನ ಹನ್ನೆರಡು ಪ್ರತಿಮೆ ಇವೆ, 1250ರ ಸುಮಾರಿನವು, ಉಟಾ ಅನ್ನೋ ರಾಣಿಯಂಥ ಹೆಂಗಸು ಕೋಟಿನ ಕಾಲರ್ ಕೆನ್ನೆವರೆಗೆ ಎಳ್ಕೊಂಡು ನಿಂತಿರೋದು ನೋಡ್ತಾ ಚಳಿ ನಂಗೇ ಹತ್ತಿದ ಹಾಗಾಯ್ತು. ಕೆತ್ತಿದವನ ಹೆಸರು ಯಾರಿಗೂ ಗೊತ್ತಿಲ್ಲ, ನೌಮ್‌ಬುರ್ಗ್‌ನ ಮೇಸ್ತ್ರಿ ಅಂತ ಕರೀತಾರೆ. ನೌಬರ್ಟ್ ಮನೆ ಎಲ್ಲಿತ್ತು ಅಂತ ಇಬ್ಬರು ಮೂವರನ್ನ ಕೇಳ್ದೆ, ಅವರಿಗೂ ಆ ಹೆಸರು ಹೊಸದು.

ಈಗ ಬೇಜಾರಿನ ಭಾಗ. 1817ರಲ್ಲಿ ಷ್ಯೂಟ್ಸ್ ಅನ್ನೋ ಒಬ್ಬ ಲೇಖಕ ಲೈಪ್ಜಿಗ್‌ನ ಒಂದು ಫ್ಯಾಷನ್ ಸಾಹಿತ್ಯದ ಪತ್ರಿಕೆಯಲ್ಲಿ ಇಷ್ಟೆಲ್ಲ ಬರೆದಿದ್ದು ಈಕೆಯೇ ಅಂತ ಅಚ್ಚು ಹಾಕ್ಸಿಬಿಟ್ಟ. ಆಕೆಯನ್ನ ಒಂದು ಮಾತು ಕೇಳ್ಲಿಲ್ಲ. ಹೊಗಳಿಯೇ ಬರೆದಿದ್ದ, ಆದ್ರೆ ಅದು ಆಕೆಗೆ ಬೇಕಿರ್ಲಿಲ್ಲ, ನಲವತ್ತು ವರ್ಷ ಕಾಪಾಡಿಕೊಂಡು ಬಂದಿದ್ದು ಒಂದು ಪತ್ರಿಕೆಯಲ್ಲಿ ಹೋಯ್ತು. ಅಷ್ಟೊತ್ತಿಗೆ ವಯಸ್ಸು ಅರವತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಮಾರನೇ ವರ್ಷ 'ರೊಸಾಲ್ಬಾ' ಬಂದಾಗ ಸ್ವಂತ ಹೆಸರು ಹಾಕಿಕೊಂಡ್ಳು, ಇನ್ನು ಮುಚ್ಚಿಟ್ಟು ಏನು ಪ್ರಯೋಜನ. 1819ರ ಜನವರಿ 12ಕ್ಕೆ ಲೈಪ್ಜಿಗ್‌ನಲ್ಲೇ ತೀರಿಕೊಂಡ್ಳು.

ಇದರ ಪಕ್ಕ ಸ್ಕಾಟ್‌ನ ಇಟ್ಟು ನೋಡಿ. ಅವನೂ ಹೆಸರು ಬಚ್ಚಿಟ್ಟವನೇ! 'ವೇವರ್ಲಿ' ಮೇಲೆ ಹೆಸರಿಲ್ಲ, ಆಮೇಲಿನವುಗಳ ಮೇಲೆ 'ವೇವರ್ಲಿಯ ಲೇಖಕ' ಅಂತ ಅಷ್ಟೇ. ಆದ್ರೆ ಅದು ಊರಿಗೆಲ್ಲ ಗೊತ್ತಿದ್ದ ಗುಟ್ಟು, ಮಹಾ ಅಜ್ಞಾತ ಅಂತ ಪ್ರೀತಿಯಿಂದ ಕರೀತಿದ್ರು, ದೊರೆ ಸರ್ ಪದವಿ ಕೊಟ್ಟ, ಕೊನೆಗೆ 1827ರ ಫೆಬ್ರವರಿಯಲ್ಲಿ ಎಡಿನ್‌ಬರಾದ ಒಂದು ದೊಡ್ಡ ಊಟದ ಕೂಟದಲ್ಲಿ ಎದ್ದು ನಿಂತು ನಾನೇ ಅಂದ, ಚಪ್ಪಾಳೆಯೋ ಚಪ್ಪಾಳೆ. ಅವನ ಪರದೆ ಅವನೇ ಎಳೆದ, ತನಗೆ ಬೇಕಾದಾಗ. ಈಕೆಯ ಪರದೆ ಬೇರೆಯವರು ಎಳೆದ್ರು. ಅದೇನು ತಪ್ಪು ಅಂತ ಕೆಲವರು ಕೇಳ್ತಾರೆ, ಎಳೀದಿದ್ರೆ ನಿಮಗೆ ಇವತ್ತು ಗೊತ್ತೇ ಆಗ್ತಿರ್ಲಿಲ್ವಲ್ಲ ಮೇಡಂ ಅಂತ ನನ್ನ ಅಳಿಯನೂ ಕೇಳ್ದ. ಅದೂ ನಿಜ. ನಂಗೆ ಇದಕ್ಕೆ ಉತ್ತರ ಹೊಳೆದಿಲ್ಲ, ಈ ಪತ್ರ ಬರೀತಿರೋದೂ ಒಂಥರ ಷ್ಯೂಟ್ಸ್ ಕೆಲಸಾನೇ ಅಲ್ವಾ ಅಂತ ರಾತ್ರಿ ಯೋಚನೆ ಬಂತು.

ನಿಮ್ಮ ಲೇಖನದಲ್ಲಿ ಸ್ಕಾಟ್‌ನಿಂದ ನೇರ ಕನ್ನಡಕ್ಕೆ ಹಾರಿಬಿಟ್ಟಿದ್ರು, ಮಧ್ಯೆ ಬಂಗಾಳ ಇದೆ. ಬಂಕಿಮಚಂದ್ರರನ್ನ ಬಂಗಾಳದ ಸ್ಕಾಟ್ ಅಂತ ಕರೀತಿದ್ರು, ಅವರಿಗೆ ಅದು ಅಷ್ಟು ಇಷ್ಟ ಇರ್ಲಿಲ್ಲ, 'ದುರ್ಗೇಶನಂದಿನಿ' ಬರೆಯೋ ಮುಂಚೆ ನಾನು ಸ್ಕಾಟ್‌ನ 'ಐವನ್‌ಹೋ' ಓದಿರ್ಲಿಲ್ಲ ಅಂತ ಹೇಳಿದ್ರು. ಆ ಬಂಕಿಮರನ್ನ ನಮ್ಮ ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದು, ಜನಕ್ಕೆ ಕಾದಂಬರಿ ಓದೋ ರುಚಿ ಹತ್ತಿಸಿದ್ರು. ಈ ದಾರಿಯಲ್ಲಿ ಲೈಪ್ಜಿಗ್ ಎಷ್ಟು ಹಿಂದೆ ಸಿಗುತ್ತೆ, ಸಿಗುತ್ತೋ ಇಲ್ವೋ, ಅದು ಪಂಡಿತರ ಕೆಲಸ. ನಾನು ಕೇಳ್ತಿರೋದು ಒಂದು ಸಣ್ಣ ತಿದ್ದುಪಡಿ ಅಷ್ಟೇ, 'ಜಗತ್ತಿನ ಮೊದಲ' ಅನ್ನೋ ಎರಡು ಪದ ತೆಗೆದುಬಿಡಿ. ಜರ್ಮನ್ ಬಲ್ಲ ಕನ್ನಡದವರು ಬೆಂಗಳೂರಲ್ಲೇ ಸಾವಿರ ಜನ ಇದ್ದೀರಿ, ಯಾರಾದ್ರೂ ಎಮ್ಮಾ ಕಥೆ ಒಂದನ್ನಾದ್ರೂ ನೇರ ಕನ್ನಡಕ್ಕೆ ತಂದ್ರೆ ನಾನು ಮೊದಲನೇ ಪ್ರತಿ ದುಡ್ಡು ಕೊಟ್ಟು ತಗೋತೀನಿ.

ತಿದ್ದುಪಡಿ ಹಾಕೋದಾದ್ರೆ ಕಾಗುಣಿತ ನೋಡ್ಕೊಂಡು ಹಾಕಿ, ಬೆನೆಡಿಕ್ಟೆ, ಕೊನೆಗೆ ಎತ್ವ ಇದೆ, ಬೆನೆಡಿಕ್ಟ್ ಅಂತ ಹಾಕಿದ್ರೆ ಮತ್ತೆ ಗಂಡಸಾಗಿಬಿಡ್ತಾಳೆ. ಸ್ಕಾಟ್‌ಗೂ ಹೀಗೇ ಆಗಿತ್ತಂತೆ, 1799ರ 'ಗೊಯ್ಟ್ಸ್' ಪುಸ್ತಕದ ಮೇಲೆ ವಾಲ್ಟರ್ ಬದಲು ವಿಲಿಯಂ ಸ್ಕಾಟ್ ಅಂತ ಅಚ್ಚಾಗಿತ್ತು. ಹೋದ ವರ್ಷ ನಂದೊಂದು ಪತ್ರ ಹಾಕಿದ್ರಲ್ಲ ನೀವು, ಅರಸೀಕೆರೆ ಬದಲು ಅರಕೆರೆ ಅಂತ ಹಾಕಿದ್ರಿ, ನಮ್ಮ ಬೀದಿಯವರು ಇನ್ನೂ ಕೇಳ್ತಿದಾರೆ.

ಇಂತಿ,
ಒಬ್ಬ ನಿವೃತ್ತ ಇತಿಹಾಸ ಶಿಕ್ಷಕಿ, ಅರಸೀಕೆರೆ